ಹೊಲಗಾಲುವೆ ಬಾರದೆ ಲಿವರ್ ಬೆಳೆಯದು

ನಮ್ಮ ಕಾಕಾ ಎಡಗೈಯ ಮಣಿಕಟ್ಟನ್ನು ಮುಂದೆ ಚಾಚಿ "ಮುಟ್ಟಿ ನೋಡು" ಎನ್ನುತ್ತಾರೆ. ಹೊಸಬರು ಯಾರೇ ಮನೆಗೆ ಬಂದರೂ ಈ ಪರೀಕ್ಷೆ ತಪ್ಪಿದ್ದಲ್ಲ. ಬೆರಳಿಟ್ಟರೆ ಚರ್ಮದಡಿ ದುಂಬಿಯೊಂದು ಸಿಕ್ಕಿಕೊಂಡಂತೆ ಝುಂ ಎನ್ನುವ ನಡುಕ. ಕಿವಿ ಹಚ್ಚಿದರೆ ನಾಲ್ಕು ಹೊಲದಾಚೆ ಪಂಪ್‌ಸೆಟ್ ಓಡುತ್ತಿರುವ ಹಾಗೆ ಸದ್ದು. ಸದ್ದು ಇದ್ದರೆ ಎಲ್ಲವೂ ಸರಿ. ಸದ್ದು ನಿಂತ ದಿನ ಎದ್ದು ಆಸ್ಪತ್ರೆಗೆ ಓಡಬೇಕು.

ಅದು ಡಯಾಲಿಸಿಸ್‌ಗಾಗಿ ಮಾಡಿದ ಫಿಸ್ಟುಲಾ. ಮೂತ್ರಪಿಂಡಗಳು ಕೈಕೊಟ್ಟ ಮೇಲೆ ಕಾಕಾ ವಾರಕ್ಕೆ ಮೂರು ದಿನ ವಿಜಯಪುರಕ್ಕೆ ಬಂದು ನಾಲ್ಕು ತಾಸು ಯಂತ್ರದ ಪಕ್ಕ ಮಲಗುತ್ತಾರೆ. ಯಂತ್ರಕ್ಕೆ ನಿಮಿಷಕ್ಕೆ ಮುನ್ನೂರು ಮಿಲಿಲೀಟರಿಗೂ ಹೆಚ್ಚು ರಕ್ತ ಬೇಕು. ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿ ಸೂಜಿ ಚುಚ್ಚಲು ಸುಲಭವಾಗಿ ಸಿಗುತ್ತದೆ, ಅದರಲ್ಲಿ ಅಷ್ಟು ರಭಸವಿಲ್ಲ; ಹೃದಯದಿಂದ ರಕ್ತ ತರುವ, ರಭಸವಿರುವ ಅಪಧಮನಿ ಆಳದಲ್ಲಿದೆ. ಅದಕ್ಕೆ ಎರಡನ್ನೂ ಮಣಿಕಟ್ಟಿನ ಬಳಿ ಒಂದಕ್ಕೊಂದು ಹೊಲಿದುಬಿಡುವುದು. 1966ರಲ್ಲಿ ನ್ಯೂಯಾರ್ಕಿನ ವೈದ್ಯರು ಪ್ರಕಟಿಸಿದ ಈ ಉಪಾಯ ಇಂದಿಗೂ ಜಗತ್ತಿನಾದ್ಯಂತ ಮೊದಲ ಆಯ್ಕೆ. ಅಪಧಮನಿಯ ರಕ್ತ ನೇರವಾಗಿ ಅಭಿಧಮನಿಗೆ ನುಗ್ಗುವ ಸದ್ದೇ ಆ ಪಂಪ್‌ಸೆಟ್ ಸದ್ದು.

ಹೊಲಿದ ಮರುದಿನವೇ ಅದನ್ನು ಬಳಸಲು ಬರುವುದಿಲ್ಲ. ತೆಳುಗೋಡೆಯ ಅಭಿಧಮನಿ ಹೊಸ ಒತ್ತಡಕ್ಕೆ ಹೊಂದಿಕೊಂಡು ಹಿಗ್ಗಬೇಕು, ಗೋಡೆ ದಪ್ಪವಾಗಬೇಕು. ಇದಕ್ಕೆ ಒಂದೂವರೆ ತಿಂಗಳೋ ಮೂರು ತಿಂಗಳೋ ಹಿಡಿಯುತ್ತದೆ. ಪಕ್ವವಾಗುವುದು ಎಂದೇ ವೈದ್ಯರ ಮಾತು. ಈ ಲೇಖನದಲ್ಲಿ ಮುಂದೆ ಬರುವ ಎಷ್ಟೋ ಸಂಗತಿಗಳ ಬೀಜ ಇಲ್ಲೇ ಇದೆ: ಒತ್ತಡ ಹೆಚ್ಚಿತೆಂದು ತಿಳಿದು ತನ್ನ ಗೋಡೆಯನ್ನು ತಾನೇ ಕಟ್ಟಿಕೊಳ್ಳುವ ಕೊಳವೆ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವುದಿಲ್ಲ.

ಕಾಕಾನ ಮೊದಲ ಫಿಸ್ಟುಲಾ ಎರಡು ವರ್ಷಕ್ಕೆ ಮುಚ್ಚಿಹೋಯಿತು. ಈಗಿನದು ಎರಡನೆಯದು. ಇದೂ ಕೈಕೊಟ್ಟರೆ ಪ್ಲಾಸ್ಟಿಕ್ ನಾಳ ಕೂರಿಸಬೇಕಾಗಬಹುದು ಎಂದು ವೈದ್ಯರು ಹೇಳಿದ ಸಂಜೆ ಅವರು ನನ್ನನ್ನು ಕೇಳಿದರು: "ಹತ್ತಿಯಿಂದ ಹಿಡಿದು ದ್ರಾಕ್ಷಿಯವರೆಗೆ ಎಲ್ಲಕ್ಕೂ ಹೊಸ ತಳಿ ಬೆಳೆಸುತ್ತಾರೆ. ಒಂದು ಗೇಣು ರಕ್ತನಾಳ ಬೆಳೆಸುವುದಕ್ಕೆ ಆಗುವುದಿಲ್ಲವೇನು?"

ಆಗಿದೆ. ಬೆಳೆಸಿದ್ದಾರೆ, ಮನುಷ್ಯರಿಗೆ ಹಾಕಿದ್ದಾರೆ, 2024ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅಂಥದೊಂದಕ್ಕೆ ಮಾರಾಟದ ಒಪ್ಪಿಗೆಯನ್ನೂ ಕೊಟ್ಟಿದೆ. ಹಾಗೆಂದು ನಾನು ಹೇಳಿದಾಗ ಅವರ ಮುಖ ಅರಳಿತು. "ಹಾಗಾದರೆ ಕಿಡ್ನಿಯನ್ನೇ ಬೆಳೆಸಬಹುದಲ್ಲ" ಎಂಬ ಮುಂದಿನ ಪ್ರಶ್ನೆಗೆ ನನ್ನ ಬಳಿ ಇದ್ದ ಉತ್ತರ ಅವರಿಗೆ ಚೆನ್ನಾಗಿ ಗೊತ್ತಿರುವ ಸಂಗತಿಯೇ. ಅವರ ಹೊಲ ಕಾಲುವೆಯ ಕೊನೆಯಂಚಿನಲ್ಲಿದೆ. ದೊಡ್ಡ ಕಾಲುವೆ ತೋಡಿ ಎಷ್ಟೋ ವರ್ಷಗಳಾದವು, ಅದರಲ್ಲಿ ನೀರು ಹೋಗುವುದು ದಿಬ್ಬದ ಮೇಲೆ ನಿಂತರೆ ಕಾಣುತ್ತದೆ. ಹೊಲಗಾಲುವೆ ಮಾತ್ರ ಇನ್ನೂ ಬಂದಿಲ್ಲ. ರಕ್ತನಾಳ ಬೆಳೆಸುವವರ ಕಥೆಯೂ ಹೆಚ್ಚುಕಡಿಮೆ ಇಷ್ಟೇ.

ಮೊದಲು ದೊಡ್ಡ ಕಾಲುವೆಯ ಕಡೆ ಬರೋಣ. ವಿಜಯಪುರದವರಿಗೆ ಕೊಳವೆಯ ಪಾಠ ಹೊಸದೇನಲ್ಲ. ಆದಿಲ್‌ಶಾಹಿ ಕಾಲದಲ್ಲಿ ತೊರವಿಯ ಕಡೆಯಿಂದಲೂ, 1651ರಲ್ಲಿ ಕಟ್ಟಿದ ಬೇಗಂ ತಲಾಬ್‌ನಿಂದಲೂ ಸುಟ್ಟ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ನೀರು ತಂದರು. ಕೊಳವೆಯ ಸುತ್ತ ಗಾರೆಯ ಕವಚ, ದಾರಿಯುದ್ದಕ್ಕೂ ಅಲ್ಲಲ್ಲಿ ಗಂಜ್ ಎಂದು ಕರೆಯುವ ಕಲ್ಲಿನ ಗೋಪುರಗಳು. ಇಳಿಜಾರಿನಲ್ಲಿ ಬರುವ ನೀರಿನ ಒತ್ತಡ ಗೋಪುರದಲ್ಲಿ ಮೇಲೇರಿ ತಣಿಯುತ್ತಿತ್ತು, ಹೂಳು ಅಡಿಯಲ್ಲಿ ಕೂರುತ್ತಿತ್ತು. ಗಂಜ್ ಇಲ್ಲದಿದ್ದರೆ ಮಣ್ಣಿನ ಕೊಳವೆ ಒಡೆಯುತ್ತಿತ್ತು, ಇಲ್ಲವೇ ಕಟ್ಟಿಕೊಳ್ಳುತ್ತಿತ್ತು. ಒಡೆಯುವುದು, ಕಟ್ಟಿಕೊಳ್ಳುವುದು: ಕೃತಕ ರಕ್ತನಾಳದ ಎಲ್ಲ ಕಷ್ಟಗಳೂ ಈ ಎರಡು ಶಬ್ದಗಳಲ್ಲಿ ಅಡಗಿವೆ. ಮೈಯೊಳಗಿನ ಅಪಧಮನಿಗೆ ಗೋಪುರ ಬೇಕಿಲ್ಲ, ಆ ಎರಡೂ ಕೆಲಸಗಳನ್ನು ಅದರ ಗೋಡೆಯೇ ಮಾಡುತ್ತದೆ.

ಆ ಗೋಡೆಗೆ ಮೂರು ಪದರ. ಹೊರಗಿನದು ಕೊಲಾಜೆನ್ ಎಂಬ ಪ್ರೋಟೀನ್ ನಾರುಗಳ ಗಟ್ಟಿ ಕವಚ, ಒಡೆಯದಂತೆ ಹಿಡಿದಿಡುವುದು ಇದರ ಪಾಲು. ನಡುವಿನದು ಸ್ನಾಯುವಿನ ಪದರ. ಸ್ನಾಯುಕೋಶಗಳು ನಾಳದ ಸುತ್ತ ಬಳೆಯಂತೆ ಸುತ್ತಿಕೊಂಡಿರುತ್ತವೆ, ಅವುಗಳ ನಡುವೆ ರಬ್ಬರಿನ ಗುಣದ ಎಲಾಸ್ಟಿನ್ ಹಾಳೆಗಳು. ಎದೆ ಬಡಿದಾಗ ನಾಳ ಹಿಗ್ಗಿ, ಬಡಿತದ ನಡುವಿನ ಬಿಡುವಿನಲ್ಲಿ ಕುಗ್ಗಿ ರಕ್ತವನ್ನು ಮುಂದಕ್ಕೆ ತಳ್ಳುವುದು ಈ ಪದರದಿಂದ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಈ ಹಿಗ್ಗು ಕುಗ್ಗು ನಡೆಯುತ್ತದೆ.

ಒಳಗಿನದು ಒಂದೇ ಒಂದು ಕೋಶದಷ್ಟು ತೆಳುವಾದ ಪದರ, ಎಂಡೋಥೀಲಿಯಂ. ನನ್ನನ್ನು ಕೇಳಿದರೆ ಇಡೀ ಮನೆಯ ಯಜಮಾನಿಕೆ ಇದರದೇ. ರಕ್ತಕ್ಕೆ ಒಂದು ಹಟವಿದೆ, ತನಗೆ ಪರಿಚಯವಿಲ್ಲದ ಯಾವ ಮೇಲ್ಮೈಯನ್ನು ಮುಟ್ಟಿದರೂ ಅದು ಹೆಪ್ಪುಗಟ್ಟಲು ಶುರುಮಾಡುತ್ತದೆ. ಗಾಯವಾದಾಗ ನಮ್ಮನ್ನು ಉಳಿಸುವುದೂ ಈ ಹಟವೇ. ಎಂಡೋಥೀಲಿಯಂ ಮಾತ್ರ ರಕ್ತಕ್ಕೆ ಸ್ವಂತ ಮನೆ. ಅದು ಹೆಪ್ಪು ತಡೆಯುವ ರಾಸಾಯನಿಕಗಳನ್ನು ಸದಾ ಒಸರುತ್ತಿರುತ್ತದೆ, ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಟ್ಟು ನಡುವಿನ ಸ್ನಾಯುವಿಗೆ "ಸಡಿಲಾಗು" ಎಂದು ಸೂಚನೆ ಕೊಡುತ್ತದೆ. ಆ ಅನಿಲದ ಪಾತ್ರವನ್ನು ಕಂಡುಕೊಂಡ ಮೂವರಿಗೆ 1998ರ ನೊಬೆಲ್ ಬಂತು.

ಇಂಥ ನಾಳವನ್ನು ಕತ್ತರಿಸಿ ಮತ್ತೆ ಹೊಲಿಯಬಹುದು ಎಂಬುದೇ ಒಂದು ಕಾಲಕ್ಕೆ ಹುಚ್ಚು ಮಾತಾಗಿತ್ತು. 1894ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೊ ಅವರಿಗೆ ಲಿಯೋನ್ ನಗರದಲ್ಲಿ ಚೂರಿ ಇರಿತವಾಯಿತು. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಕತ್ತರಿಸಿಹೋಗಿತ್ತು, ಅದನ್ನು ಹೊಲಿಯುವ ವಿದ್ಯೆ ಯಾರಿಗೂ ಗೊತ್ತಿರಲಿಲ್ಲ, ಅವರು ತೀರಿಹೋದರು. ಅದೇ ಊರಿನಲ್ಲಿ ವೈದ್ಯಕೀಯ ಕಲಿಯುತ್ತಿದ್ದ ಅಲೆಕ್ಸಿಸ್ ಕ್ಯಾರೆಲ್ ಮುಂದೆ ಕಸೂತಿ ಹಾಕುವ ಹೆಣ್ಣುಮಗಳೊಬ್ಬಳ ಬಳಿ ಸೂಜಿಯ ಕೆಲಸ ಕಲಿತರೆಂದು ಹೇಳುತ್ತಾರೆ. ಅವರ ಉಪಾಯ ಕೇಳಿದರೆ ಇಷ್ಟೇನಾ ಎನಿಸುತ್ತದೆ. ದುಂಡನೆಯ ಎರಡು ಬಾಯಿಗಳನ್ನು ಸೇರಿಸಿ ಹೊಲಿಯುವುದು ಕಷ್ಟ, ಸೂಜಿ ಎದುರು ಗೋಡೆಗೂ ಚುಚ್ಚಿಕೊಳ್ಳುತ್ತದೆ. ಸುತ್ತಳತೆಯಲ್ಲಿ ಸಮ ಅಂತರಕ್ಕೆ ಮೂರು ಹೊಲಿಗೆ ಹಾಕಿ ಮೂರು ದಿಕ್ಕಿಗೆ ಎಳೆದರೆ ವೃತ್ತ ತ್ರಿಕೋನವಾಗುತ್ತದೆ. ಆಮೇಲೆ ಮೂರು ನೇರ ಅಂಚುಗಳನ್ನು ಹೊಲಿದರಾಯಿತು. 1912ರ ನೊಬೆಲ್ ಈ ಕೆಲಸಕ್ಕೆ ಸಂದಿತು. ಕಾಕಾನ ಮಣಿಕಟ್ಟಿನ ಒಳಗಿರುವ ಹೊಲಿಗೆಯೂ ಆ ಮನೆತನದ್ದೇ.

ಹೊಲಿಗೆ ಬಂತು, ತೇಪೆ ಬೇಕಾಯಿತು. ಎರಡನೆಯ ಮಹಾಯುದ್ಧದ ನಂತರ ಸರ್ಜನ್‌ಗಳು ಅಕ್ಷರಶಃ ಬಟ್ಟೆ ಅಂಗಡಿಗೇ ಹೋದರು. ಅಮೆರಿಕದ ಮೈಕೇಲ್ ಡಿಬೇಕಿ ನೈಲಾನ್ ಕೊಳ್ಳಲು ಹೋಗಿ, ಅದು ಸಿಗದೆ ಡೆಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆ ತಂದು, ಮನೆಯ ಹೊಲಿಗೆ ಯಂತ್ರದಲ್ಲಿ ಕೊಳವೆ ಹೊಲಿದ ಕಥೆ ಪ್ರಸಿದ್ಧ. ಹೊಟ್ಟೆಯ ಮಹಾಧಮನಿಯಂಥ ದಪ್ಪ ನಾಳಗಳಿಗೆ ಆ ಬಟ್ಟೆ ಇಂದಿಗೂ ಚೆನ್ನಾಗಿ ಬಾಳುತ್ತದೆ. ಆಮೇಲೆ ಟೆಫ್ಲಾನ್ ಜಾತಿಯ ಇನ್ನೊಂದು ಪ್ಲಾಸ್ಟಿಕ್ ಬಂತು. ಕಾಕಾನಿಗೆ ವೈದ್ಯರು ಹೇಳಿದ್ದು ಅದನ್ನೇ.

ತೊಡಕಿರುವುದು ಸಣ್ಣ ನಾಳಗಳಲ್ಲಿ. ಆರು ಮಿಲಿಮೀಟರಿಗಿಂತ ಕಿರಿದಾದರೆ ಪ್ಲಾಸ್ಟಿಕ್ ಸೋಲುತ್ತದೆ. ದೊಡ್ಡ ನಾಳದಲ್ಲಿ ರಕ್ತ ರಭಸದಿಂದ ಓಡುವುದರಿಂದ ಅಂಚಿನಲ್ಲಿ ಕೂರುವ ತೆಳ್ಳನೆಯ ಹೆಪ್ಪು ಲೆಕ್ಕಕ್ಕೆ ಬರುವುದಿಲ್ಲ. ಮೂರು ಮಿಲಿಮೀಟರಿನ ನಾಳದಲ್ಲಿ ಅದೇ ಹೆಪ್ಪು ಬಾಗಿಲು ಹಾಕಿಬಿಡುತ್ತದೆ. ಹೃದಯಕ್ಕೆ ರಕ್ತ ಕೊಡುವ ನಾಳಗಳು ಸುಮಾರು ಇದೇ ಅಳತೆಯವು. ಬೈಪಾಸ್ ಮಾಡುವಾಗ ರೋಗಿಯ ಕಾಲಿನಿಂದಲೋ ಎದೆಯ ಒಳಗೋಡೆಯಿಂದಲೋ ನಾಳ ತೆಗೆದು ಹಾಕುವುದು ಇದಕ್ಕಾಗಿಯೇ. ಕಾಲಿನ ಅಭಿಧಮನಿಯೇನೂ ಚಿರಂಜೀವಿಯಲ್ಲ, ಹತ್ತು ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ಕಟ್ಟಿಕೊಂಡಿರುತ್ತವೆ. ಸಕ್ಕರೆ ಕಾಯಿಲೆಯವರಲ್ಲಿ, ಒಮ್ಮೆ ಬೈಪಾಸ್ ಆದವರಲ್ಲಿ ತೆಗೆಯಲು ಒಳ್ಳೆಯ ನಾಳವೇ ಉಳಿದಿರುವುದಿಲ್ಲ.

ಜೋಡಿಸಿದ ಕಡೆಯೂ ಒಂದು ಕಾಟ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸುನೂಲಿಗೂ ಸೆರಗಿನ ಹಾಸುನೂಲಿಗೂ ಕೊಂಡಿ ಹಾಕಿ ಜೋಡಿಸುತ್ತಾರೆ. ಒಂದು ಹತ್ತಿ, ಇನ್ನೊಂದು ರೇಷ್ಮೆಯಾದರೂ ಜೋಡಣೆ ನಿಲ್ಲುವುದು ಒಂದೊಂದೇ ಎಳೆಯನ್ನು ಹೆಣೆಯುವ ಆ ತಾಳ್ಮೆಯಿಂದ. ಬಿಗಿಯಾದ ಪ್ಲಾಸ್ಟಿಕ್ಕಿಗೂ ಹಿಗ್ಗುವ ಅಪಧಮನಿಗೂ ಅಂಥ ಕೊಂಡಿ ಇಲ್ಲ. ಪ್ರತಿ ಬಡಿತಕ್ಕೂ ಒಂದು ಹಿಗ್ಗುತ್ತದೆ, ಇನ್ನೊಂದು ಹಿಗ್ಗುವುದಿಲ್ಲ. ಕಿರಿಕಿರಿಗೊಂಡ ಸ್ನಾಯುಕೋಶಗಳು ಜೋಡಣೆಯ ಬಳಿ ಒಳಮುಖವಾಗಿ ಬೆಳೆದು ದಾರಿಯನ್ನು ಕಿರಿದು ಮಾಡುತ್ತವೆ. ಡಯಾಲಿಸಿಸ್ ನಾಳಗಳು ಮುಚ್ಚಿಹೋಗುವುದಕ್ಕೆ ಮುಖ್ಯ ಕಾರಣ ಇದೇ.

ಹಾಗಾದರೆ ಜೀವಂತ ನಾಳವನ್ನೇ ಬೆಳೆಸೋಣ ಎಂದು ಹೊರಟವರಲ್ಲಿ ಮೊದಲಿಗರು ವೈನ್‌ಬರ್ಗ್ ಮತ್ತು ಬೆಲ್. 1986ರಲ್ಲಿ ಕೊಲಾಜೆನ್ ಜೆಲ್ಲಿಯೊಳಗೆ ಕೋಶಗಳನ್ನು ಬೆರೆಸಿ ಮೂರು ಪದರದ ಕೊಳವೆ ಮಾಡಿದರು. ನೋಡಲು ರಕ್ತನಾಳವೇ, ಬಲ ಮಾತ್ರ ಇಲ್ಲ. ಡೆಕ್ರಾನ್ ಬಲೆಯ ಆಸರೆ ಕೊಡದಿದ್ದರೆ ಒಡೆಯುತ್ತಿತ್ತು. ಹನ್ನೆರಡು ವರ್ಷಗಳ ನಂತರ, 1998ರಲ್ಲಿ, ಲೂರೋ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ಕೋಶಗಳಿಗೆ ವಿಟಮಿನ್ ಸಿ ಕೊಟ್ಟು ಸಾಕಿದರೆ ಅವು ತಮ್ಮ ಸುತ್ತ ತಾವೇ ಕೊಲಾಜೆನ್ ನೇಯ್ದು ಗಟ್ಟಿ ಹಾಳೆಯಾಗುತ್ತವೆ. ಆ ಹಾಳೆಯನ್ನು ಕಡ್ಡಿಯ ಸುತ್ತ ಚಾಪೆಯಂತೆ ಸುತ್ತಿ ಬಿಟ್ಟರೆ ಪದರಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಒಂದು ಎಳೆ ಪ್ಲಾಸ್ಟಿಕ್ಕೂ ಇಲ್ಲದ ಈ ನಾಳ ಎರಡು ಸಾವಿರ ಮಿಲಿಮೀಟರ್ ಪಾದರಸದ ಒತ್ತಡವನ್ನೂ ತಡೆಯಿತು. ನಮ್ಮ ರಕ್ತದೊತ್ತಡ ನೂರಿಪ್ಪತ್ತರ ಆಸುಪಾಸು, ಬೈಪಾಸಿಗೆ ತೆಗೆಯುವ ಕಾಲಿನ ಅಭಿಧಮನಿ ಒಡೆಯುವುದು ಸಾವಿರದ ಆರುನೂರರ ಸುಮಾರಿಗೆ. ಮುಂದೆ ಡಯಾಲಿಸಿಸ್ ರೋಗಿಗಳಿಗೆ ಅವರವರ ಕೋಶಗಳಿಂದಲೇ ಇಂಥ ನಾಳ ಮಾಡಿ ಹಾಕಿಯೂ ನೋಡಿದರು. ಒಬ್ಬೊಬ್ಬರಿಗೂ ತಿಂಗಳುಗಟ್ಟಲೆ ಕಾಯಬೇಕು, ಖರ್ಚು ಕೇಳುವುದೇ ಬೇಡ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು 1999ರ ಪ್ರಯೋಗ. ಲಾರಾ ನಿಕ್ಲಾಸನ್ ಮತ್ತು ಅವರ ತಂಡ, ಕರಗುವ ಹೊಲಿಗೆದಾರದ ವಸ್ತುವಿನಿಂದ ಮಾಡಿದ ಜಾಳಿಗೆಯ ಕೊಳವೆಯ ಮೇಲೆ ದನದ ರಕ್ತನಾಳದ ಸ್ನಾಯುಕೋಶಗಳನ್ನು ಬಿತ್ತಿ ಗಾಜಿನ ಪಾತ್ರೆಯಲ್ಲಿ ಎಂಟು ವಾರ ಸಾಕಿತು. ಕೆಲವು ನಾಳಗಳನ್ನು ಸುಮ್ಮನೆ ಇಟ್ಟರು. ಇನ್ನು ಕೆಲವಕ್ಕೆ ಒಳಗಿನಿಂದ ನಿಮಿಷಕ್ಕೆ 165 ಸಲ ಮಿಡಿತ ಕೊಟ್ಟರು, ಬಸಿರಿನಲ್ಲಿರುವ ಕೂಸಿನ ಎದೆಬಡಿತಕ್ಕೆ ಹತ್ತಿರದ ವೇಗ. ಜಾಳಿಗೆ ನಿಧಾನವಾಗಿ ಕರಗಿತು, ಅದರ ಜಾಗದಲ್ಲಿ ಕೋಶಗಳು ತಮ್ಮ ಕೊಲಾಜೆನ್ ತುಂಬಿದವು. ಹಂದಿಗಳ ಕಾಲಿಗೆ ಹೊಲಿದು ನೋಡಿದಾಗ ಮಿಡಿತ ಉಂಡು ಬೆಳೆದ ನಾಳ ನಾಲ್ಕು ವಾರವಾದರೂ ತೆರೆದಿತ್ತು. ಸುಮ್ಮನೆ ಬೆಳೆದದ್ದು ಮೂರು ವಾರದೊಳಗೆ ಕಟ್ಟಿಕೊಂಡಿತು. ಅದೇ ಕೋಶ, ಅದೇ ದ್ರವ, ಅದೇ ಪಾತ್ರೆ. ಬಡಿತವೊಂದೇ ಬೇರೆ. ನಾಳಕ್ಕೆ ಆಹಾರ ಕೊಟ್ಟರೆ ಸಾಲದು, ಕೆಲಸವನ್ನೂ ಕೊಡಬೇಕು. ಕಾಕಾನ ಮಣಿಕಟ್ಟಿನಲ್ಲಿ ಅಭಿಧಮನಿ ಪಕ್ವವಾದದ್ದು ನೆನಪಿದೆಯಲ್ಲ?

ಅದೇ ವರ್ಷ ಟೋಕಿಯೋದಲ್ಲಿ ಶಿನೋಕ ಎಂಬ ಸರ್ಜನ್, ನಾಲ್ಕು ವರ್ಷದ ಹುಡುಗಿಯೊಬ್ಬಳ ಶ್ವಾಸಕೋಶದ ರಕ್ತನಾಳವನ್ನು ಅವಳದೇ ಕೋಶ ಬಿತ್ತಿದ ಕರಗುವ ಕೊಳವೆಯಿಂದ ಸರಿಪಡಿಸಿದರು. ಮಕ್ಕಳ ವಿಷಯದಲ್ಲಿ ಇದಕ್ಕೆ ಬೇರೆಯೇ ತೂಕ. ಪ್ಲಾಸ್ಟಿಕ್ ನಾಳ ಮಗುವಿನೊಂದಿಗೆ ಬೆಳೆಯುವುದಿಲ್ಲ, ಅಂಗಿ ಚಿಕ್ಕದಾದಂತೆ ಚಿಕ್ಕದಾಗುತ್ತದೆ, ಮತ್ತೆ ಶಸ್ತ್ರಚಿಕಿತ್ಸೆ. ವರ್ಷಗಳ ನಂತರ ಇಲಿಗಳಲ್ಲಿ ಪರೀಕ್ಷಿಸಿದಾಗ ಒಂದು ತಮಾಷೆ ಬಯಲಾಯಿತು. ಅಷ್ಟು ಜತನದಿಂದ ಬಿತ್ತಿದ ಕೋಶಗಳು ಕೆಲವೇ ದಿನಗಳಲ್ಲಿ ಮಾಯವಾಗುತ್ತವೆ. ಹೋಗುವ ಮುನ್ನ ದೇಹದ ರಕ್ಷಣಾ ಕೋಶಗಳನ್ನು ಕೂಗಿ ಕರೆಯುತ್ತವೆ, ಅವುಗಳ ಬೆನ್ನಿಗೆ ದೇಹದ ಸ್ವಂತ ಕೋಶಗಳು ಬಂದು ಗೋಡೆ ಕಟ್ಟುತ್ತವೆ. ಬಿತ್ತಿದ ಬೀಜವೇ ಮೊಳೆಯಿತೆಂದು ಎಲ್ಲರೂ ತಿಳಿದಿದ್ದರು, ಅದು ಬರಿಯ ಡಂಗುರವಾಗಿತ್ತು.

ಹಾಗಿದ್ದ ಮೇಲೆ ರೋಗಿಯದೇ ಕೋಶ ಏಕೆ ಬೇಕು? ನಿಕ್ಲಾಸನ್ ಸ್ಥಾಪಿಸಿದ ಹ್ಯೂಮಸೈಟ್ ಕಂಪನಿಯ ಲೆಕ್ಕಾಚಾರವೂ ಹೀಗೆಯೇ ಸಾಗಿತು. ಅಂಗದಾನ ಮಾಡಿದವರ ಸ್ನಾಯುಕೋಶಗಳಿಂದ ನಾಳ ಬೆಳೆಸುವುದು, ಬೆಳೆದ ಮೇಲೆ ಮಾರ್ಜಕದಿಂದ ತೊಳೆದು ಕೋಶಗಳನ್ನೆಲ್ಲ ಹೊರಹಾಕುವುದು. ದೇಹ ಜಗಳಕ್ಕೆ ನಿಲ್ಲುವುದು ಪರಕೀಯ ಕೋಶಗಳ ಮೇಲೆ. ಕೊಲಾಜೆನ್ ಎಲ್ಲ ಮನುಷ್ಯರಲ್ಲೂ ಹೆಚ್ಚುಕಡಿಮೆ ಒಂದೇ. ಹೀಗಾಗಿ ಯಾರಿಗೆ ಬೇಕಾದರೂ ಹಾಕಬಹುದಾದ, ಫ್ರಿಜ್‌ನಲ್ಲಿ ಇಟ್ಟುಕೊಳ್ಳಬಹುದಾದ, ಆರು ಮಿಲಿಮೀಟರ್ ಅಗಲದ, ಒಂದು ಮೊಳದಷ್ಟು ಉದ್ದದ ನಾಳ ತಯಾರಾಯಿತು. ಹಾಕಿದ ತಿಂಗಳುಗಳಲ್ಲಿ ರೋಗಿಯ ಕೋಶಗಳು ಒಳಬಂದು ಮನೆಮಾಡುತ್ತವೆ. ಅಮೆರಿಕ ಮತ್ತು ಪೋಲೆಂಡಿನ ಅರವತ್ತು ಡಯಾಲಿಸಿಸ್ ರೋಗಿಗಳಲ್ಲಿ ನಡೆದ ಮೊದಲ ಪರೀಕ್ಷೆಗಳ ಫಲಿತಾಂಶ 2016ರಲ್ಲಿ ಬಂತು. ಯುಕ್ರೇನಿನಲ್ಲಿ ಯುದ್ಧದ ಗಾಯಾಳುಗಳಿಗೂ ಇದನ್ನು ಬಳಸಿದರು. 2024ರ ಒಪ್ಪಿಗೆ ಸಿಕ್ಕಿರುವುದು ಕೈಕಾಲಿನ ಅಪಧಮನಿ ಕತ್ತರಿಸಿಹೋಗಿ, ಹಾಕಲು ಸ್ವಂತ ನಾಳ ಸಿಗದ ವಯಸ್ಕರಿಗೆ ಮಾತ್ರ. ಡಯಾಲಿಸಿಸ್‌ಗೆ ಆ ಒಪ್ಪಿಗೆ ಅನ್ವಯಿಸುವುದಿಲ್ಲ. ನಾಳ ನಡುವೆ ಒಡೆಯಬಹುದು, ಹೊಲಿಗೆ ಬಿಚ್ಚಬಹುದು ಎಂಬ ಎಚ್ಚರಿಕೆಯನ್ನು ಔಷಧದ ಚೀಟಿಯಲ್ಲಿ ಚೌಕಟ್ಟು ಹಾಕಿ ಅಚ್ಚು ಮಾಡಿಸಿದ್ದಾರೆ. ಪತ್ರಿಕೆಯ ತಲೆಬರಹಗಳಲ್ಲಿ ಆ ಚೌಕಟ್ಟು ಕಾಣುವುದಿಲ್ಲ.

ಇನ್ನೂ ಒಂದು ಕೊರತೆ ಉಳಿದಿದೆ. ಪಾತ್ರೆಯಲ್ಲಿ ಬೆಳೆದ ಕೋಶಗಳು ಕೊಲಾಜೆನ್ ಧಾರಾಳವಾಗಿ ಮಾಡುತ್ತವೆ, ಎಲಾಸ್ಟಿನ್ ಮಾಡಲು ಜಿಪುಣತನ. ಮೈಯಲ್ಲೂ ಎಲಾಸ್ಟಿನ್ ತಯಾರಾಗುವುದು ಬಹುಪಾಲು ಗರ್ಭದಲ್ಲಿ ಮತ್ತು ಎಳವೆಯಲ್ಲಿ. ಆಮೇಲೆ ಜೀವಮಾನವಿಡೀ ಅದೇ ಬಂಡವಾಳ. ಹೀಗಾಗಿ ಬೆಳೆಸಿದ ನಾಳ ಗಟ್ಟಿಯಾಗಿರುತ್ತದೆ, ಹಿಗ್ಗುವುದರಲ್ಲಿ ಹಿಂದೆ.

ದೊಡ್ಡ ಕಾಲುವೆಯ ಕಥೆ ಇಲ್ಲಿಗೆ ಸಾಕು. ಈಗ ಹೊಲ.

ದೇಹದ ಬಹುತೇಕ ಪ್ರತಿ ಜೀವಂತ ಕೋಶದಿಂದ ಹತ್ತಿರದ ರಕ್ತನಾಳಕ್ಕೆ ಇರುವ ದೂರ ಒಂದು ಮಿಲಿಮೀಟರಿನ ಹತ್ತನೇ ಒಂದರಿಂದ ಐದನೇ ಒಂದು ಭಾಗ. ಎರಡು ತಲೆಗೂದಲು ಅಕ್ಕಪಕ್ಕ ಇಟ್ಟಷ್ಟು. ಆಮ್ಲಜನಕ ನಾಳದಿಂದ ಹೊರಬಿದ್ದ ಮೇಲೆ ಅದಕ್ಕೆ ವಾಹನವಿಲ್ಲ, ಇಂಗುತ್ತಾ ಹೋಗಬೇಕು. ದಾರಿಯಲ್ಲಿರುವ ಕೋಶಗಳು ಅದನ್ನು ಹೀರುತ್ತಾ ಹೋಗುತ್ತವೆ. ಆ ಎರಡು ಕೂದಲಿನ ಆಚೆ ಏನೂ ಉಳಿಯುವುದಿಲ್ಲ. ಕಾಲುವೆಯ ಮೇಲ್ಭಾಗದವರು ಕಬ್ಬು ಹಾಕಿದರೆ ಕೊನೆಯವನಿಗೆ ಜೋಳಕ್ಕೂ ನೀರಿಲ್ಲ ಎಂಬ ಲೆಕ್ಕ.

ಪ್ರಯೋಗಾಲಯದಲ್ಲಿ ಯಾವ ಅಂಗಗಳು ಮೊದಲು ಬೆಳೆದವು ಎಂದು ಗಮನಿಸಿದರೆ ಈ ಲೆಕ್ಕ ಕಣ್ಣಿಗೆ ಹೊಡೆಯುತ್ತದೆ. ಚರ್ಮ ಬಂತು, ಅದು ಹಾಳೆಯಷ್ಟು ತೆಳು. ಮೃದ್ವಸ್ಥಿ ಬಂತು, ಅದಕ್ಕೆ ಮೊದಲೇ ರಕ್ತನಾಳವಿಲ್ಲ. ಮೂತ್ರಕೋಶ ಬಂತು, ಅದು ಚೀಲ. ಅದನ್ನೂ ಹೊಟ್ಟೆಯೊಳಗಿನ ರಕ್ತ ತುಂಬಿದ ಕೊಬ್ಬಿನ ಪರದೆಯಲ್ಲಿ ಸುತ್ತಿಟ್ಟಾಗ ಹೆಚ್ಚು ಚೆನ್ನಾಗಿ ಬಾಳಿತು. ಲಿವರ್, ಕಿಡ್ನಿ, ಹೃದಯದ ಮಾಂಸ ಬರಲಿಲ್ಲ. ಕೋಶ ಸಾಕಲು ಬಾರದೆ ಅಲ್ಲ, ಲಿವರ್ ಕೋಶಗಳನ್ನು ತಟ್ಟೆಯಲ್ಲಿ ಸಾಕುವ ಪ್ರಯೋಗಾಲಯಗಳು ಎಷ್ಟೋ ಇವೆ. ಬೆರಳಿನಷ್ಟು ದಪ್ಪದ ಮುದ್ದೆ ಮಾಡಿದರೆ ನಡುಭಾಗ ಒಂದೆರಡು ದಿನದಲ್ಲಿ ಸಾಯುತ್ತದೆ. ದೇಹದೊಳಗೆ ಇಟ್ಟರೆ ಅಕ್ಕಪಕ್ಕದ ನಾಳಗಳು ಕವಲೊಡೆದು ಒಳಬರುತ್ತವೆ ನಿಜ, ಆದರೆ ದಿನಕ್ಕೆ ಒಂದು ಮಿಲಿಮೀಟರೂ ಮುಂದೆ ಬರುವುದಿಲ್ಲ. ಕ್ಯಾನ್ಸರ್ ಗಡ್ಡೆಯದೂ ಇದೇ ಗತಿ ಎಂದು 1971ರಲ್ಲಿ ಜೂಡಾ ಫೋಕ್‌ಮನ್ ವಾದಿಸಿದ್ದರು. ಹೊಸ ರಕ್ತನಾಳಗಳನ್ನು ತನ್ನತ್ತ ಎಳೆದುಕೊಳ್ಳದ ಗಡ್ಡೆ ಒಂದೆರಡು ಮಿಲಿಮೀಟರಿಗಿಂತ ದೊಡ್ಡದಾಗಲಾರದು.

ಗಡ್ಡೆ ಎಳೆದುಕೊಳ್ಳುವ ಹಾಗೆ ನಾವೂ ಎಳೆಯಬಾರದೇಕೆ? ನಾಳ ಬೆಳೆಸುವ ಪ್ರೋಟೀನನ್ನು ಸುರಿದು ನೋಡಿದ್ದಾರೆ. ನಾಳಗಳು ಬರುತ್ತವೆ, ಅಡ್ಡಾದಿಡ್ಡಿ ಹೆಣೆದುಕೊಂಡು, ಸೋರುತ್ತಾ. ಗೊಬ್ಬರ ಹೆಚ್ಚಾದ ಗಿಡದ ಹಾಗೆ.

ಕೋಶಗಳನ್ನೇ ನಂಬುವುದು ಇನ್ನೊಂದು ದಾರಿ. ಒಳಪದರದ ಕೋಶಗಳಿಗೆ ಆಸರೆಯ ಕೋಶಗಳನ್ನು ಜೊತೆಮಾಡಿ ಮೆದು ಜೆಲ್ಲಿಯಲ್ಲಿ ಬಿಟ್ಟರೆ ಕೆಲವು ದಿನಗಳಲ್ಲಿ ಅವು ಸಾಲುಗಟ್ಟಿ, ಟೊಳ್ಳಾಗಿ, ಕೊಳವೆಯಾಗುತ್ತವೆ. ಯಾರೂ ನಕ್ಷೆ ಕೊಟ್ಟಿರುವುದಿಲ್ಲ. ಈ ಕೋಶಗಳು ಸಿಗುವ ಹಳೆಯ ಮೂಲವೆಂದರೆ ಹೆರಿಗೆಯ ನಂತರ ಎಸೆಯುವ ಹೊಕ್ಕುಳಬಳ್ಳಿ. 1973ರಿಂದ ಪ್ರಯೋಗಾಲಯಗಳು ಅದರ ಮೇಲೆಯೇ ಬದುಕಿವೆ. 2019ರಲ್ಲಿ ವಿಯೆನ್ನಾದ ವಿಜ್ಞಾನಿಗಳು, ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕಾಂಡಕೋಶಗಳಿಂದ ಇಡೀ ರಕ್ತನಾಳಗಳ ಗುಂಪನ್ನೇ ಸಾಸಿವೆ ಗಾತ್ರದ ಉಂಡೆಗಳಾಗಿ ಬೆಳೆಸಿ, ಸಕ್ಕರೆ ಕಾಯಿಲೆ ನಾಳಗಳನ್ನು ಹೇಗೆ ಕೆಡಿಸುತ್ತದೆಂದು ಅದರಲ್ಲೇ ತೋರಿಸಿದರು. ಇವು ಲೋಮನಾಳದ ಅಳತೆಯ ಕೊಳವೆಗಳು. ಕೆಂಪು ರಕ್ತಕಣ ಒಂದರ ಹಿಂದೊಂದು ತೂರಿಕೊಂಡು ಹೋಗಬೇಕಾದಷ್ಟು ಸಣ್ಣವು, ಐದರಿಂದ ಹತ್ತು ಮೈಕ್ರಾನ್. ಅವುಗಳೊಳಗೆ ಏನಾದರೂ ಹರಿಯದಿದ್ದರೆ ಬೇಗನೆ ಕುಗ್ಗಿ ಅಳಿಸಿಹೋಗುತ್ತವೆ. ನೀರು ಬಿಡದ ಹೊಲಗಾಲುವೆಯಲ್ಲಿ ಕಸ ಬೆಳೆದು ಮುಚ್ಚಿಹೋಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಡುವಿನ ಅಳತೆಯ ಕಾಲುವೆಗಳನ್ನು ಅಗೆಯುವುದಕ್ಕೆ ಬಂದದ್ದು ಸಕ್ಕರೆ. ದೀಪಾವಳಿಯ ನಂತರದ ಗೌರಿ ಹುಣ್ಣಿಮೆಗೆ ನಮ್ಮ ಕಡೆ ಸಕ್ಕರೆ ಆರತಿ ಮಾಡುತ್ತಾರಲ್ಲ, ಪಾಕ ಕುದಿಸಿ ಮರದ ಅಚ್ಚಿಗೆ ಹೊಯ್ದು ಆನೆ, ಒಂಟೆ, ತುಳಸಿಕಟ್ಟೆ ತೆಗೆಯುತ್ತಾರಲ್ಲ, ಆ ಪಾಕದ ಹದವನ್ನೇ ಮನಸ್ಸಿನಲ್ಲಿಟ್ಟುಕೊಳ್ಳಿ. ಬಿಸಿಯಿರುವಾಗ ಎಳೆಯಾಗಿ ಬರುತ್ತದೆ, ಆರಿದರೆ ಗಾಜಿನಂತೆ ಗಟ್ಟಿ, ನೀರು ತಾಗಿದರೆ ಮಾಯ. 2012ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೋರ್ಡನ್ ಮಿಲ್ಲರ್ ಮತ್ತು ಕ್ರಿಸ್ಟೋಫರ್ ಚೆನ್ ತಂಡ ಸಕ್ಕರೆ, ಗ್ಲೂಕೋಸ್ ಮತ್ತು ಡೆಕ್ಸ್‌ಟ್ರಾನ್ ಬೆರೆಸಿದ ಪಾಕದಿಂದ ಮೂರು ಆಯಾಮದ ಮುದ್ರಣಯಂತ್ರದಲ್ಲಿ ಜಾಲರಿ ಎಳೆಯಿತು. ಆ ಜಾಲರಿಯ ಸುತ್ತ ಜೀವಕೋಶ ಬೆರೆಸಿದ ಜೆಲ್ಲಿ ಹೊಯ್ದು ಹೆಪ್ಪಾಗಲು ಬಿಟ್ಟರು. ನಂತರ ಸಕ್ಕರೆ ಕರಗಿ ಹರಿದುಹೋಯಿತು, ಜಾಲರಿ ಇದ್ದಲ್ಲೆಲ್ಲ ಟೊಳ್ಳು ಕೊಳವೆ ಉಳಿಯಿತು. ಅದರೊಳಗೆ ಒಳಪದರದ ಕೋಶಗಳನ್ನು ಹರಿಸಿದಾಗ ಅವು ಗೋಡೆಗೆ ಅಂಟಿಕೊಂಡು ಹಾಸಿಕೊಂಡವು. ಕರಗುವ ಸಕ್ಕರೆ ಹತ್ತಿರದ ಕೋಶಗಳನ್ನು ಉಪ್ಪಿನಕಾಯಿಯ ಹೋಳಿನಂತೆ ಮುರುಟಿಸದಿರಲೆಂದು ಎಳೆಗಳಿಗೆ ಮೊದಲೇ ತೆಳ್ಳನೆಯ ಪ್ಲಾಸ್ಟಿಕ್ ಲೇಪ ಕೊಟ್ಟಿದ್ದರು. ಅಡುಗೆಮನೆಯಲ್ಲಿ ಕೈ ಸುಟ್ಟುಕೊಂಡವರಿಗೆ ಮಾತ್ರ ಹೊಳೆಯುವ ಜಾಣ್ಮೆ ಇದು.

ಮಿಲ್ಲರ್ ಅಡುಗೆಮನೆಯನ್ನು ಬಿಡಲಿಲ್ಲ. 2019ರಲ್ಲಿ ಅವರ ತಂಡ ಬೆಳಕಿನಿಂದ ಗಟ್ಟಿಯಾಗುವ ಜೆಲ್ಲಿಯನ್ನು ಪದರ ಪದರವಾಗಿ ಮುದ್ರಿಸುವಾಗ ಬೆಳಕು ಬೇಡದ ಆಳಕ್ಕೂ ಇಳಿದು ಟೊಳ್ಳುಗಳನ್ನು ತುಂಬಿಬಿಡುತ್ತಿತ್ತು. ಅದನ್ನು ತಡೆದದ್ದು ಟಾರ್ಟ್ರಜಿನ್, ಮಿಠಾಯಿ ಅಂಗಡಿಯ ಹಳದಿ ಬಣ್ಣ. ಅದು ಬೆಳಕನ್ನು ಹೀರಿತು, ಆಮೇಲೆ ತೊಳೆದರೆ ಹೋಯಿತು. ಹೀಗೆ ಮಾಡಿದ ಗಾಳಿಚೀಲದ ಮಾದರಿಯಲ್ಲಿ ಗಾಳಿ ಊದಿದಾಗ ಸುತ್ತಲಿನ ನಾಳದ ರಕ್ತ ಆಮ್ಲಜನಕ ಪಡೆಯುವುದನ್ನು ಕಂಡರು.

ಹೊಸದಾಗಿ ತೋಡುವ ಬದಲು ತೋಡಿದ್ದನ್ನೇ ಬಳಸೋಣ ಎನ್ನುವವರೂ ಇದ್ದಾರೆ. 2008ರಲ್ಲಿ ಇಲಿಯ ಹೃದಯವನ್ನು ಮಾರ್ಜಕದಿಂದ ತೊಳೆದು ಕೋಶಗಳನ್ನೆಲ್ಲ ತೆಗೆದು, ಉಳಿದ ಬಿಳಿಯ ಚೌಕಟ್ಟಿಗೆ ಹೊಸ ಕೋಶ ತುಂಬಿದರು. ಅದು ಮಿಡಿಯಿತು, ಬೆಳೆದ ಇಲಿಯ ಹೃದಯದ ಶೇಕಡಾ ಎರಡರಷ್ಟು ಬಲದಿಂದ. 2017ರಲ್ಲಿ ಇನ್ನೊಂದು ತಂಡ ಪಾಲಕ್ ಎಲೆಯನ್ನು ಹಾಗೆಯೇ ತೊಳೆದು, ಅದರ ನರಗಳೊಳಗೆ ದ್ರವ ಹರಿಸಿ, ಮೇಲೆ ಹೃದಯದ ಕೋಶಗಳನ್ನು ಮಿಡಿಯುವಂತೆ ಮಾಡಿತು. ಎಲೆಯ ಚಿತ್ರ ಎಲ್ಲ ಕಡೆ ಹರಿದಾಡಿತು. ಚಿತ್ರ ಚೆನ್ನಾಗಿದೆ, ಚಿಕಿತ್ಸೆಗೆ ಅದರಿಂದ ಒದಗುವುದು ಕಡಿಮೆ ಎಂದು ನನ್ನ ಅನಿಸಿಕೆ. ತೊಳೆದ ಹೃದಯದ ತೊಂದರೆ ಹೆಚ್ಚು ಗಂಭೀರವಾದದ್ದು. ನಾಳಗಳ ದಾರಿಯೆಲ್ಲ ಸಿದ್ಧವಿದೆ, ಆದರೆ ಒಂದೊಂದು ಲೋಮನಾಳದ ಒಳಗೂ ಹೊಸ ಕೋಶಗಳನ್ನು ಹಾಸಬೇಕು. ಹಾಸದೆ ಬಿಟ್ಟ ಪ್ರತಿ ಚುಕ್ಕೆಯಲ್ಲೂ ರಕ್ತ ತನ್ನ ಹಟ ತೋರಿಸುತ್ತದೆ.

ಒಟ್ಟಿನಲ್ಲಿ ಆರು ಮಿಲಿಮೀಟರಿನ ನಾಳ ಕೈಯಲ್ಲಿದೆ. ಮಿಲಿಮೀಟರಿನ ಅರ್ಧ, ಕಾಲು ಭಾಗದ ಕೊಳವೆಗಳನ್ನು ಮುದ್ರಿಸಲು ಬರುತ್ತದೆ. ಲೋಮನಾಳಗಳು ತಾವೇ ಬೆಳೆಯುತ್ತವೆ. ಮೂರನ್ನೂ ಒಂದಕ್ಕೊಂದು ಕೂಡಿಸಿ, ಒಂದು ತುದಿಯಲ್ಲಿ ಸರ್ಜನ್ ಹೊಲಿದ ಕೂಡಲೇ ಇನ್ನೊಂದು ತುದಿಯ ಕೊನೆಯ ಕೋಶದವರೆಗೆ ರಕ್ತ ಹೋಗಿ, ಸೋರದೆ, ಕಟ್ಟದೆ ಹಿಂದಿರುಗಬೇಕು. ಮನುಷ್ಯನ ಅಂಗದ ಗಾತ್ರದಲ್ಲಿ ಅದು ಇನ್ನೂ ಆಗಿಲ್ಲ. ಅಳತೆಯಲ್ಲಿ ಸಾ‍ವಿರ ಪಟ್ಟು ವ್ಯತ್ಯಾಸವಿರುವ ತುದಿಗಳಿವು, ಒಂದೇ ಯಂತ್ರಕ್ಕೆ ದಕ್ಕುವುದಿಲ್ಲ. ಮುದ್ರಣಕ್ಕೆ ತಾಸುಗಟ್ಟಲೆ ಹಿಡಿದರೆ ಮೊದಲು ಹಾಕಿದ ಪದರದ ಕೋಶಗಳು ಕೊನೆಯ ಪದರ ಬೀಳುವ ಮುನ್ನವೇ ಬಾಯಾರಿ ಸಾಯುತ್ತವೆ.

ಇದನ್ನೆಲ್ಲ ಕಾಕಾನಿಗೆ ಹೇಳಿ ಮುಗಿಸುವ ಹೊತ್ತಿಗೆ ಚಹಾ ಆರಿಹೋಗಿತ್ತು. ಅವರು ಬಲಗೈಯಲ್ಲಿ ಲೋಟ ಹಿಡಿದು ಎಡಗೈಯಲ್ಲಿ ರಬ್ಬರ್ ಚೆಂಡು ಹಿಚುಕುತ್ತಿದ್ದರು. ಫಿಸ್ಟುಲಾ ಇರುವ ಕೈಗೆ ಈ ವ್ಯಾಯಾಮ ಹೇಳಿದ್ದಾರೆ, ಆ ಕೈಯಲ್ಲಿ ರಕ್ತದೊತ್ತಡ ನೋಡಿಸಬಾರದು, ಭಾರ ಎತ್ತಬಾರದು, ಗಡಿಯಾರ ಬಿಗಿದು ಕಟ್ಟಬಾರದು ಎಂಬುದನ್ನೂ ಹೇಳಿದ್ದಾರೆ. ಸದ್ಯಕ್ಕೆ ಅವರ ಪಾಲಿಗೆ ಇರುವ ರಕ್ತನಾಳ ವಿಜ್ಞಾನ ಇಷ್ಟೇ.

"ಆ ಪಾತ್ರೆಯಲ್ಲಿ ಬೆಳೆಸುವ ನಾಳಕ್ಕೆ ಮೊದಲ ದಿನವೇ ಪೂರ್ತಿ ನೀರು ಬಿಡುತ್ತಾರೇನು?" ಎಂದು ಕೇಳಿದರು.

ಇಲ್ಲ, ಮೊದಲು ಸಣ್ಣಗೆ ಹರಿಸಿ, ಗೋಡೆ ಗಟ್ಟಿಯಾದಂತೆ ದಿನದಿಂದ ದಿನಕ್ಕೆ ಹೆಚ್ಚಿಸುತ್ತಾರೆ ಎಂದೆ.

"ಮತ್ತೆ, ಹೊಸ ಒಡ್ಡಿಗೂ ಹಾಗೆಯೇ ಬಿಡಬೇಕು" ಎಂದು ಅವರು ಚೆಂಡನ್ನು ಪಕ್ಕಕ್ಕಿಟ್ಟು ಮಣಿಕಟ್ಟನ್ನು ಕಿವಿಗೆ ಹಚ್ಚಿಕೊಂಡರು.